ಸ್ವಚ್ಛ ಭಾರತ ಅನುದಾನಕ್ಕೆ ನಮ್ಮ ನಗರಸಭೆಯ ಪ್ರಸ್ತಾವನೆ: ಜೈವಿಕ ಅನಿಲ ಘಟಕವನ್ನೇ ಕೇಳಬೇಕೇ?

ಪ್ರಶ್ನೆ: ವಾರ್ಡ್ ಸಮಿತಿ ಸದಸ್ಯೆ (ಸೆಪ್ಟೆಂಬರ್ 2023)

ಎಲ್ಲರಿಗೂ ನಮಸ್ಕಾರ. ನಮ್ಮದು ಮಲೆನಾಡಿನ ಸೆರಗಿನಲ್ಲಿರುವ ಒಂದು ನಗರಸಭೆ. ಜನಸಂಖ್ಯೆ ಒಂದು ಲಕ್ಷಕ್ಕಿಂತ ಸ್ವಲ್ಪ ಕಡಿಮೆ. ಊರಾಚೆಯ ಗುಡ್ಡದ ಮಗ್ಗುಲಲ್ಲಿ ವರ್ಷಗಳಿಂದ ಸುರಿಯುತ್ತ ಬಂದಿರುವ ಕಸದ ರಾಶಿಗೆ ಬೇಸಿಗೆಯಲ್ಲಿ ಬೆಂಕಿ ಬೀಳುತ್ತದೆ, ಮಳೆಗಾಲದಲ್ಲಿ ಅದರ ಕಪ್ಪು ನೀರು ಕೆಳಗಿನ ಕೆರೆಗೆ ಇಳಿಯುತ್ತದೆ. ಇದನ್ನು ಸರಿಪಡಿಸಲು ಸ್ವಚ್ಛ ಭಾರತ ಮಿಷನ್‌ನ ಎರಡನೆಯ ಹಂತದಲ್ಲಿ ಅನುದಾನ ಕೇಳಲು ನಗರಸಭೆ ನಿರ್ಧರಿಸಿದೆ. ಸಲಹಾ ಸಂಸ್ಥೆಯೊಂದು ವಿಸ್ತೃತ ಯೋಜನಾ ವರದಿಯ ಕರಡನ್ನೂ ಕೊಟ್ಟಿದೆ, ಅದರ ಮೇಲೆ ಅಭಿಪ್ರಾಯ ತಿಳಿಸುವಂತೆ ಪೌರಾಯುಕ್ತರು ವಾರ್ಡ್ ಸಮಿತಿಗಳನ್ನು ಕೇಳಿದ್ದಾರೆ.

ಕರಡಿನ ಮುಖ್ಯ ಅಂಶ ದಿನಕ್ಕೆ 10 ಟನ್ ಹಸಿ ಕಸದಿಂದ ಜೈವಿಕ ಅನಿಲ ತಯಾರಿಸುವ ಘಟಕ, ಅದರ ಪಕ್ಕದಲ್ಲಿ ಒಣ ಕಸವನ್ನು ಯಂತ್ರದಿಂದ ವಿಂಗಡಿಸುವ ಕೇಂದ್ರ. ಊರಿನ ಒಟ್ಟು ಕಸ ದಿನಕ್ಕೆ 30 ಟನ್ ಎಂದು ಅಂದಾಜಿಸಿದ್ದಾರೆ. ನನ್ನನ್ನು ಕಾಡುತ್ತಿರುವ ಸಂಗತಿಯೆಂದರೆ, ಮನೆಗಳಲ್ಲಿ ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡುವವರು ನಮ್ಮ ವಾರ್ಡಿನಲ್ಲಿ ಸಾಕಷ್ಟು ಮಂದಿ ಇದ್ದರೂ ಆಟೋ ಟಿಪ್ಪರ್‌ಗೆ ಬಿದ್ದ ಮೇಲೆ ಎಲ್ಲವೂ ಒಂದೇ ಆಗುತ್ತಿದೆ. ಕರಡಿನಲ್ಲಿ ಇದರ ಪ್ರಸ್ತಾಪ ಒಂದೇ ಒಂದು ಪ್ಯಾರಾ.

ಅನುಭವವುಳ್ಳವರು ದಯವಿಟ್ಟು ತಿಳಿಸಿ: ನಮ್ಮಂಥ ಊರು ಇಂಥ ಘಟಕವನ್ನು ಕೇಳುವುದು ಸರಿಯೇ, ಅಥವಾ ಗೊಬ್ಬರದ ದಾರಿಯೇ ಮೇಲೇ? ಸ್ವಚ್ಛ ಭಾರತವಲ್ಲದೆ ಬೇರೆ ಯಾವ ಹಣಕ್ಕೆ ನಾವು ಅರ್ಹರು? ಕಲ್ಯಾಣ ಮಂಟಪಗಳಲ್ಲಿ ಉಳಿಯುವ ಊಟವನ್ನು ಕಸವಾಗುವ ಮೊದಲೇ ಉಳಿಸುವ ಕೆಲಸವನ್ನು ಈ ಪ್ರಸ್ತಾವನೆಯಲ್ಲಿ ಸೇರಿಸಬಹುದೇ? ರಾಶಿಯ ಮೇಲೆ ಚಿಂದಿ ಆಯ್ದು ಬದುಕುತ್ತಿರುವ ಕೆಲವು ಕುಟುಂಬಗಳಿವೆ. ಅವರ ಹೆಸರು ಕರಡಿನಲ್ಲಿ ಎಲ್ಲಿಯೂ ಇಲ್ಲ.

ಉತ್ತರ: ನಿವೃತ್ತ ಪರಿಸರ ಎಂಜಿನಿಯರ್

ಮೇಡಂ, ಕರಡನ್ನು ಅಂಗೀಕರಿಸುವ ಮೊದಲು ಅಭಿಪ್ರಾಯ ಕೇಳಿರುವುದೇ ಒಳ್ಳೆಯ ಲಕ್ಷಣ. ನಾನು ಹಲವು ನಗರ ಸ್ಥಳೀಯ ಸಂಸ್ಥೆಗಳಲ್ಲಿ ಈ ಕೆಲಸವನ್ನೇ ಮಾಡಿದವನು, ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ಮೊದಲು ಹಣದ ಸ್ವರೂಪ. 2021ರ ಅಕ್ಟೋಬರ್ 1ರಂದು ಆರಂಭವಾದ ಎರಡನೆಯ ಹಂತದಲ್ಲಿ ಘನತ್ಯಾಜ್ಯ ನಿರ್ವಹಣೆಗೆ ಕೇಂದ್ರದ ಪಾಲು ಊರಿನ ಗಾತ್ರಕ್ಕೆ ತಕ್ಕಂತೆ ಬದಲಾಗುತ್ತದೆ. ಒಂದು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಿಗೆ ಶೇ 50, ಒಂದರಿಂದ ಹತ್ತು ಲಕ್ಷದವರೆಗಿನವುಗಳಿಗೆ ಶೇ 33, ಅದಕ್ಕೂ ದೊಡ್ಡ ನಗರಗಳಿಗೆ ಶೇ 25. ಒಂದು ಲಕ್ಷದ ಗೆರೆಯ ಈಚೆ ಇರುವುದು ನಿಮಗೆ ಅನುಕೂಲ. ಉಳಿದದ್ದನ್ನು ರಾಜ್ಯ ಸರ್ಕಾರ ಮತ್ತು ನಗರಸಭೆ ಹೊಂದಿಸಬೇಕು. ಹಣ ಒಂದೇ ಸಲಕ್ಕೆ ಬರುವುದಿಲ್ಲ, ಕಂತುಗಳಲ್ಲಿ ಬರುತ್ತದೆ, ಹಿಂದಿನ ಕಂತಿನ ಬಳಕೆ ಪ್ರಮಾಣಪತ್ರ ಸಲ್ಲಿಸದೆ ಮುಂದಿನದು ಬಿಡುಗಡೆಯಾಗುವುದಿಲ್ಲ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ಈ ಅನುದಾನ ಬಂಡವಾಳ ವೆಚ್ಚಕ್ಕೆ ಮಾತ್ರ. ಶೆಡ್ಡು, ಯಂತ್ರ, ವಾಹನಗಳಿಗೆ ಹಣ ಸಿಗುತ್ತದೆ, ಆದರೆ ವಿದ್ಯುತ್ ಬಿಲ್ಲು, ಡೀಸೆಲ್, ಕೆಲಸಗಾರರ ವೇತನ, ಬಿಡಿಭಾಗಗಳಿಗೆ ಸಿಗುವುದಿಲ್ಲ. ರಾಜ್ಯದ ಊರೂರುಗಳಲ್ಲಿ ಬೀಗ ಹಾಕಿ ನಿಂತಿರುವ ಘಟಕಗಳನ್ನು ನಾನು ನೋಡಿದ್ದೇನೆ. ಅವುಗಳಲ್ಲಿ ಹೆಚ್ಚಿನವು ಕೆಟ್ಟು ನಿಂತವಲ್ಲ, ತಿಂಗಳ ಖರ್ಚಿಗೆ ಹಣ ಎಲ್ಲಿಂದ ಬರಬೇಕೆಂದು ಯಾರೂ ಬರೆದಿಡದ ಕಾರಣಕ್ಕೆ ನಿಂತವು. ಆದ್ದರಿಂದ ಕರಡಿನಲ್ಲಿ ನೀವು ಮೊದಲು ಹುಡುಕಬೇಕಾದ ಪುಟವೆಂದರೆ ನಿರ್ವಹಣಾ ವೆಚ್ಚದ ಪುಟ. ಅದು ಇಲ್ಲದಿದ್ದರೆ, ಅಥವಾ ಗೊಬ್ಬರ ಮತ್ತು ಅನಿಲದ ಮಾರಾಟದಿಂದಲೇ ಎಲ್ಲವೂ ನಡೆದುಹೋಗುತ್ತದೆಂದು ಅಲ್ಲಿ ಬರೆದಿದ್ದರೆ, ಆ ಕರಡನ್ನು ಹಿಂದಕ್ಕೆ ಕಳುಹಿಸುವಂತೆ ಬಲವಾಗಿ ಹೇಳಿ.

ಎರಡನೆಯದು ತೂಕ. 30 ಟನ್ ಎಂಬುದು ಜನಸಂಖ್ಯೆಯನ್ನು ತಲಾ ಇಂತಿಷ್ಟು ಗ್ರಾಂ ಎಂದು ಗುಣಿಸಿ ಪಡೆದ ಸಂಖ್ಯೆಯಂತೆ ಕಾಣುತ್ತದೆ. ಒಂದು ವಾರ ಎಲ್ಲ ಟಿಪ್ಪರ್‌ಗಳನ್ನೂ ತೂಕ ಹಾಕಿಸಿ, ಆ ವಾರದಲ್ಲಿ ಸಂತೆಯ ದಿನವೂ ಮದುವೆ ಮುಹೂರ್ತದ ದಿನವೂ ಇರಲಿ. ನಮ್ಮ ನಗರಗಳ ಕಸದಲ್ಲಿ ಸುಮಾರು ಅರ್ಧದಷ್ಟು ಹಸಿ ಕಸವೇ ಇರುತ್ತದೆ ಎಂಬುದು ನಿಜ, ಆದ್ದರಿಂದ 15 ಟನ್ ಹಸಿ ಕಸ ಊರಿನಲ್ಲಿ ಹುಟ್ಟುತ್ತಿರಬಹುದು. ಆದರೆ ಘಟಕಕ್ಕೆ ಬೇಕಾದದ್ದು ಹುಟ್ಟುವ ಹಸಿ ಕಸವಲ್ಲ, ಶುದ್ಧವಾಗಿ ಬೇರ್ಪಟ್ಟು ಗೇಟಿಗೆ ಬಂದು ಸೇರುವ ಹಸಿ ಕಸ. ಟಿಪ್ಪರ್‌ನಲ್ಲಿ ಎಲ್ಲವೂ ಬೆರೆಯುತ್ತಿದೆ ಎಂದು ನೀವೇ ಹೇಳುತ್ತಿದ್ದೀರಿ. ಹಾಗಿದ್ದರೆ ಇವತ್ತಿನ ಮಟ್ಟಿಗೆ ಅಂಥ ಕಸ ಹೋಟೆಲು, ತರಕಾರಿ ಮಾರುಕಟ್ಟೆ, ಕಲ್ಯಾಣ ಮಂಟಪಗಳಿಂದ ಮಾತ್ರ ಸಿಕ್ಕೀತು. ಕಸ ಕೊಳೆತು ಅನಿಲವಾಗುವ ಮುಚ್ಚಿದ ತೊಟ್ಟಿಗೆ, ಅಂದರೆ ಜೀರ್ಣಕೋಶಕ್ಕೆ, ಪ್ಲಾಸ್ಟಿಕ್ ಹೋದರೆ ಕಲಕುವ ಯಂತ್ರ ಸಿಕ್ಕಿಕೊಳ್ಳುತ್ತದೆ. ಒಂದು ದಿನ ಎರಡು ಟನ್, ಮರುದಿನ ಒಮ್ಮೆಲೇ ಹತ್ತು ಟನ್ ಅನ್ನ ಸುರಿದರೆ ಆಮ್ಲತೆ ಏರಿ ಅನಿಲ ಹುಟ್ಟುವುದೇ ನಿಲ್ಲುತ್ತದೆ, ಅದನ್ನು ಮತ್ತೆ ಸ್ಥಿತಿಗೆ ತರಲು ವಾರಗಳೇ ಬೇಕಾಗುತ್ತವೆ.

ಅನಿಲದ ಲೆಕ್ಕವನ್ನೂ ನೋಡಿ. ಒಂದು ಟನ್ ಆಹಾರ ತ್ಯಾಜ್ಯದಿಂದ ಸುಮಾರು 80ರಿಂದ 100 ಘನ ಮೀಟರ್ ಜೈವಿಕ ಅನಿಲ ಸಿಗುತ್ತದೆ. ಐದು ಟನ್ ಸಿಕ್ಕಿದರೆ 400 ಘನ ಮೀಟರ್. ಇದು 19 ಕಿಲೋ ತೂಕದ ಎಂಟೊಂಬತ್ತು ವಾಣಿಜ್ಯ ಸಿಲಿಂಡರುಗಳಿಗೆ ಸಮ. ಪಕ್ಕದಲ್ಲೇ ದೊಡ್ಡ ಹಾಸ್ಟೆಲೋ ಆಸ್ಪತ್ರೆಯ ಅಡುಗೆಮನೆಯೋ ಇದ್ದರೆ ಇದು ಬೆಲೆಬಾಳುವ ವಸ್ತು. ಊರಾಚೆಯ ಗುಡ್ಡದಲ್ಲಿ ಘಟಕ ಕಟ್ಟಿದರೆ ಅದನ್ನು ಬಳಸುವವರೇ ಇರುವುದಿಲ್ಲ.

ನನ್ನ ಸಲಹೆ ಗೊಬ್ಬರದ ಕಡೆಗೆ. ಗೊಬ್ಬರಕ್ಕೆ ಇಂಗಾಲ ಮತ್ತು ಸಾರಜನಕದ ಪ್ರಮಾಣ ಸರಿಸುಮಾರು 25ರಿಂದ 30ಕ್ಕೆ 1ರಂತೆ ಇರಬೇಕು. ಅಡುಗೆಮನೆಯ ಕಸದಲ್ಲಿ ಸಾರಜನಕವೂ ನೀರೂ ಹೆಚ್ಚು, ಇಂಗಾಲ ಕಡಿಮೆ. ನಿಮ್ಮ ಸೀಮೆಯಲ್ಲಿ ಇದಕ್ಕೆ ಪರಿಹಾರ ರಸ್ತೆಯ ಅಂಚಿನಲ್ಲೇ ಬಿದ್ದಿದೆ: ಕೊಯ್ಲಿನ ನಂತರ ರಾಶಿ ಹಾಕುವ ಅಡಿಕೆ ಸಿಪ್ಪೆ, ಜೊತೆಗೆ ದರಗು, ಅಂದರೆ ಒಣಗಿ ಉದುರಿದ ಎಲೆ. ಇವನ್ನು ಪದರ ಪದರವಾಗಿ ಬೆರೆಸಿದರೆ ವಾಸನೆಯೂ ಕಪ್ಪು ನೀರೂ ಬಹುಮಟ್ಟಿಗೆ ನಿಲ್ಲುತ್ತವೆ. ಹೀಗೆ ಸಾಲಾಗಿ ಪೇರಿಸಿದ ರಾಶಿಗಳ ಒಳಗಿನ ಶಾಖ 55 ಡಿಗ್ರಿ ದಾಟಿ ಕೆಲವು ದಿನ ಅಲ್ಲೇ ನಿಂತರೆ ರೋಗಾಣುಗಳು ಸಾಯುತ್ತವೆ. ಮಲೆನಾಡಿನ ಮಳೆಗೆ ಗಟ್ಟಿ ಸೂರು, ಸಿಮೆಂಟು ನೆಲ, ನೀರು ಹಿಡಿಯುವ ತೊಟ್ಟಿ ಇರಲೇಬೇಕು. ಅನುದಾನದಲ್ಲಿ ಇವನ್ನು ಕೇಳಿ. ಇವು ಕೆಟ್ಟುಹೋಗುವ ವಸ್ತುಗಳಲ್ಲ.

ಉತ್ತರ: ಇಂದೋರ್‌ನಲ್ಲಿರುವ ಕನ್ನಡಿಗ

ಹಿರಿಯರು ಬರೆದದ್ದನ್ನು ಗೌರವದಿಂದ ಓದಿದೆ. ನಿರ್ವಹಣಾ ವೆಚ್ಚದ ವಿಷಯದಲ್ಲಿ ಅವರ ಮಾತು ಪೂರ್ತಿ ಸರಿ. ಆದರೆ ಜೈವಿಕ ಅನಿಲವನ್ನು ಇಷ್ಟು ಬೇಗ ಬದಿಗಿಡುವುದನ್ನು ನಾನು ಒಪ್ಪಲಾರೆ.

ನಾನಿರುವ ಊರಿನಲ್ಲಿ 2022ರ ಫೆಬ್ರುವರಿ 19ರಂದು ಉದ್ಘಾಟನೆಯಾದ ಘಟಕದ ಸಾಮರ್ಥ್ಯ ದಿನಕ್ಕೆ 550 ಟನ್ ಹಸಿ ಕಸ, ಅದರಿಂದ ಸುಮಾರು 17,000 ಕಿಲೋ ಸಿಎನ್‌ಜಿ ತಯಾರಿಸುವ ಯೋಜನೆ. ನಗರದ ಬಸ್ಸುಗಳಿಗೂ ಇಲ್ಲಿಯ ಅನಿಲವೇ ಹೋಗುತ್ತದೆ. ಬಂಡವಾಳ ಹೂಡಿದ್ದು ಖಾಸಗಿ ಪಾಲುದಾರ ಸಂಸ್ಥೆ, ಮಹಾನಗರ ಪಾಲಿಕೆಗೆ ಅದು ವರ್ಷಕ್ಕೆ ಎರಡೂವರೆ ಕೋಟಿ ರೂಪಾಯಿ ಕೊಡುವ ಒಪ್ಪಂದವಾಗಿದೆ. ಅಂದರೆ ಕಸ ಸ್ವಚ್ಛವಾಗಿದ್ದರೆ ಅದಕ್ಕೆ ಬೆಲೆ ಕೊಡುವವರು ಇದ್ದಾರೆ. ಗೊಬ್ಬರದ ಸ್ಥಿತಿ ಹಾಗಿಲ್ಲ. ರೈತರು ಒಮ್ಮೆ ಒಯ್ದು, ಅದರಲ್ಲಿ ಗಾಜಿನ ಚೂರು ಕಂಡರೆ ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ರಾಸಾಯನಿಕ ಗೊಬ್ಬರಕ್ಕೆ ಸಿಗುವ ಸಬ್ಸಿಡಿಯ ಎದುರು ಕಸದ ಗೊಬ್ಬರ ಸ್ಪರ್ಧಿಸಲಾರದು.

ಆದರೆ ಇಂದೋರ್‌ನಿಂದ ಕಲಿಯಬೇಕಾದ ಇನ್ನೊಂದು ಸಂಗತಿಯನ್ನು ಮರೆಮಾಚುವುದು ನ್ಯಾಯವಲ್ಲ. ಇಲ್ಲಿ ಘಟಕ ಬಂದದ್ದು ಕೊನೆಯಲ್ಲಿ. ಅದಕ್ಕೂ ವರ್ಷಗಳ ಮೊದಲೇ ಮನೆ ಮನೆಯ ಸಂಗ್ರಹಣೆ, ವಾಹನದಲ್ಲೇ ಬೇರೆ ಬೇರೆ ಖಾನೆಗಳು, ಬೆರೆಸಿ ಕೊಟ್ಟ ಕಸವನ್ನು ತೆಗೆದುಕೊಳ್ಳದೆ ಮುಂದೆ ಹೋಗುವ ಶಿಸ್ತು, ದಂಡ ಇವೆಲ್ಲ ನೆಲೆಗೊಂಡಿದ್ದವು. ಹೂಡಿಕೆದಾರರು ನಂಬಿದ್ದು ಆ ಶಿಸ್ತನ್ನು. ಒಂದು ಲಕ್ಷ ಜನರ ಊರಿಗೆ ಇಂದೋರ್‌ನ ಗಾತ್ರದ ಯೋಚನೆ ಹೊಂದುವುದಿಲ್ಲ ಎಂಬುದು ನಿಜ. ಹಾಗಿದ್ದರೂ ತರಕಾರಿ ಮಾರುಕಟ್ಟೆಯ ಬಳಿ ದಿನಕ್ಕೆ ಒಂದೆರಡು ಟನ್‌ನ ಸಣ್ಣ ಘಟಕವೊಂದನ್ನು ಕೇಳಬಹುದು, ಅಲ್ಲಿಗೆ ಬರುವ ಕಸದ ಸ್ವರೂಪ ದಿನವೂ ಒಂದೇ ತೆರನಾಗಿರುತ್ತದೆ.

ಉತ್ತರ: ಕರಾವಳಿಯ ಸ್ವಸಹಾಯ ಸಂಘದ ಕಾರ್ಯಕರ್ತೆ

ಹಸಿ ಕಸದ ಬಗ್ಗೆ ಬಲ್ಲವರು ಹೇಳಿದ್ದಾರೆ. ನಾನು ಒಣ ಕಸದ ಬಗ್ಗೆ, ಅದನ್ನು ಕೈಯಿಂದ ಮುಟ್ಟುವವರ ಬಗ್ಗೆ ಹೇಳುತ್ತೇನೆ.

2019ರ ಆಗಸ್ಟ್‌ನಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ಬೆಟ್ಟ ಭಾರಿ ಮಳೆಗೆ ಜರಿದು ಮಂದಾರ ಎಂಬ ಊರಿನ ಮನೆಗಳನ್ನೂ ಅಡಿಕೆ, ತೆಂಗಿನ ತೋಟಗಳನ್ನೂ ಮುಚ್ಚಿಹಾಕಿತು. ತಲೆಮಾರುಗಳಿಂದ ಅಲ್ಲಿದ್ದ ಕುಟುಂಬಗಳು ಮನೆ ಬಿಟ್ಟು ಹೋಗಬೇಕಾಯಿತು. ನಿಮ್ಮ ರಾಶಿಯೂ ಗುಡ್ಡದ ಮಗ್ಗುಲಲ್ಲಿದೆ ಎಂದು ಓದಿದಾಗ ನನಗೆ ಮೊದಲು ನೆನಪಾದದ್ದು ಅದೇ. ಹಳೆಯ ರಾಶಿಯನ್ನು ಜರಡಿ ಹಿಡಿದು ಜಾಗ ತೆರವು ಮಾಡುವ ಕೆಲಸಕ್ಕೂ ಇದೇ ಮಿಷನ್‌ನಲ್ಲಿ ಹಣವಿದೆ, ಅದನ್ನು ಬಿಡಬೇಡಿ.

ಒಣ ಕಸಕ್ಕೆ ದೊಡ್ಡ ಸ್ವಯಂಚಾಲಿತ ಯಂತ್ರ ಬೇಕಿಲ್ಲ. ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ಹತ್ತಾರು ಗ್ರಾಮ ಪಂಚಾಯಿತಿಗಳ ಒಣ ಕಸವನ್ನು ಒಂದೇ ಕಡೆ ತಂದು ವಿಂಗಡಿಸುವ ಕೇಂದ್ರವಿದೆ, ಒಮ್ಮೆ ಹೋಗಿ ನೋಡಿ. ಚಲಿಸುವ ಬೆಲ್ಟು, ಒತ್ತಿ ಕಟ್ಟುವ ಬೇಲಿಂಗ್ ಯಂತ್ರ, ವಾಹನವನ್ನು ಕಸದ ಸಮೇತ ತೂಗುವ ತೂಕದ ಸೇತುವೆ, ಗಾಳಿ ಬೆಳಕಿನ ಶೆಡ್ಡು, ಮಹಿಳೆಯರಿಗೆ ಶೌಚಾಲಯ ಮತ್ತು ಸ್ನಾನದ ಕೋಣೆ ಇವಿಷ್ಟಿದ್ದರೆ ಉಳಿದದ್ದು ಕೈಗಳ ಕೆಲಸ. ಗಟ್ಟಿ ಪ್ಲಾಸ್ಟಿಕ್, ರಟ್ಟು, ಲೋಹ ಗುಜರಿಗೆ ಮಾರಾಟವಾಗುತ್ತವೆ. ಬಿಸ್ಕತ್ತು, ಚಿಪ್ಸಿನ ಪೊಟ್ಟಣಗಳಂಥ ಪದರ ಪದರದ ಪ್ಲಾಸ್ಟಿಕ್ಕಿಗೆ ಮಾತ್ರ ಕೊಳ್ಳುವವರಿಲ್ಲ. ಅದನ್ನು ಸಿಮೆಂಟು ಕಾರ್ಖಾನೆಯ ಕುಲುಮೆಗೆ ಕಳುಹಿಸಬೇಕು, ಸಾಗಣೆಯ ಖರ್ಚು ನಿಮ್ಮ ತಲೆಯ ಮೇಲೇ ಬೀಳುತ್ತದೆ. ಪ್ರಸ್ತಾವನೆಯಲ್ಲಿ ಇದನ್ನು ಆದಾಯದ ಕಾಲಮ್ಮಿನಲ್ಲಿ ತೋರಿಸಿದ್ದಾರೆಯೇ ಎಂದು ದಯವಿಟ್ಟು ನೋಡಿ.

ಚಿಂದಿ ಆಯುವ ಕುಟುಂಬಗಳ ಬಗ್ಗೆ ನೀವು ಕೇಳಿದ್ದು ನನ್ನ ಮನಸ್ಸಿಗೆ ತಟ್ಟಿತು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಇವರನ್ನು ಗುರುತಿಸಿ ವ್ಯವಸ್ಥೆಯೊಳಗೆ ಸೇರಿಸಿಕೊಳ್ಳುವುದನ್ನು ಸ್ಥಳೀಯ ಸಂಸ್ಥೆಯ ಕರ್ತವ್ಯವೆಂದೇ ಹೇಳುತ್ತವೆ. ರಾಶಿಗೆ ಬೇಲಿ ಹಾಕಿ, ಯಂತ್ರ ತಂದು, ಇವರನ್ನು ಹೊರಗೆ ನಿಲ್ಲಿಸಿದರೆ ಇರುವ ಜೀವನೋಪಾಯವನ್ನೂ ಸರ್ಕಾರದ ಹಣದಿಂದಲೇ ಕಿತ್ತುಕೊಂಡಂತಾಗುತ್ತದೆ. ಯಾವ ಪ್ಲಾಸ್ಟಿಕ್ ಎಲ್ಲಿಗೆ ಹೋಗುತ್ತದೆ, ಯಾವುದಕ್ಕೆ ಎಷ್ಟು ಬೆಲೆ ಎಂಬುದು ಅವರಿಗೆ ಬಾಯಿಪಾಠ. ಛತ್ತೀಸಗಢದ ಅಂಬಿಕಾಪುರದಲ್ಲಿ ಸ್ವಸಹಾಯ ಸಂಘದ ಮಹಿಳೆಯರೇ ಮನೆ ಮನೆಯಿಂದ ಕಸ ತಂದು, ಬಡಾವಣೆಯ ಕೇಂದ್ರಗಳಲ್ಲಿ ವಿಂಗಡಿಸಿ, ಮಾರಾಟದ ಹಣ ಮತ್ತು ಮನೆಗಳಿಂದ ಪಡೆಯುವ ಶುಲ್ಕದಿಂದ ವ್ಯವಸ್ಥೆಯನ್ನು ನಡೆಸುತ್ತಿದ್ದಾರೆ. ಕರಡಿನಲ್ಲಿ ಗುರುತಿನ ಚೀಟಿ, ಕೈಗವಸು, ಆರೋಗ್ಯ ತಪಾಸಣೆ, ಕನಿಷ್ಠ ವೇತನ ಎಂಬ ನಾಲ್ಕು ಪದಗಳಾದರೂ ಸೇರುವಂತೆ ನೋಡಿಕೊಳ್ಳಿ.

ಉತ್ತರ: ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುವವನು

ಬೇರೆ ಹಣದ ಮೂಲಗಳ ಬಗ್ಗೆ ಮಾತ್ರ ಉತ್ತರಿಸುತ್ತೇನೆ.

ಹದಿನೈದನೆಯ ಹಣಕಾಸು ಆಯೋಗದ ಅನುದಾನ ನಿಮಗೆ ಹೇಗೂ ಬರುತ್ತಿದೆ. ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಿಗೆ 2021ರಿಂದ 2026ರ ಅವಧಿಯಲ್ಲಿ ಇದರ ಶೇ 60 ಭಾಗ ನಿರ್ದಿಷ್ಟ ಉದ್ದೇಶಕ್ಕೆ ಮೀಸಲು. ಅದರ ಅರ್ಧ, ಎಂದರೆ ಒಟ್ಟು ಅನುದಾನದ ಶೇ 30, ನೈರ್ಮಲ್ಯ ಮತ್ತು ಘನತ್ಯಾಜ್ಯಕ್ಕೆ. ಮಿಷನ್‌ನಲ್ಲಿ ನಗರಸಭೆ ಹೊಂದಿಸಬೇಕಾದ ಪಾಲನ್ನು ಇದರಿಂದ ತೋರಿಸಬಹುದು. ಆದರೆ ಲೆಕ್ಕಪರಿಶೋಧನೆಯಾದ ವರದಿಗಳನ್ನು ಜಾಲತಾಣದಲ್ಲಿ ಪ್ರಕಟಿಸುವುದು, ಆಸ್ತಿ ತೆರಿಗೆಯ ಕನಿಷ್ಠ ದರಗಳ ಅಧಿಸೂಚನೆ ಮತ್ತು ವಸೂಲಿಯಲ್ಲಿ ಏರಿಕೆ ಎಂಬ ಷರತ್ತುಗಳಿವೆ. ಕಸದ ಯೋಜನೆಗೂ ತೆರಿಗೆ ವಸೂಲಿಗೂ ಏನು ಸಂಬಂಧವೆಂದು ಸಭೆಯಲ್ಲಿ ಸದಸ್ಯರು ಕೇಳುತ್ತಾರೆ, ಸಂಬಂಧ ಇದೇ.

ಇದೇ ವರ್ಷ ಮೇ ತಿಂಗಳಲ್ಲಿ ಕೇಂದ್ರ ಸಂಪುಟ ಒಪ್ಪಿದ ಸಿಟೀಸ್ ಎಂಬ ನಗರ ಯೋಜನೆಯ ಎರಡನೆಯ ಹಂತದ ಬಗ್ಗೆ ಯಾರಾದರೂ ಹೇಳಿದರೆ ಅದರ ಹಿಂದೆ ಹೋಗಬೇಡಿ. ಕಸದ ಮರುಬಳಕೆಗೆಂದೇ ರೂಪಿಸಿದ್ದು ಹೌದು, ಆದರೆ ಸ್ಪರ್ಧೆಯಲ್ಲಿ ಗೆಲ್ಲುವ 18 ನಗರಗಳಿಗೆ ಮಾತ್ರ. ಸ್ಪರ್ಧೆಗೆ ಅವಕಾಶವಿರುವುದು ಸ್ಮಾರ್ಟ್ ಸಿಟಿ ಪಟ್ಟಿಯಲ್ಲಿರುವ ನಗರಗಳಿಗೆ.

ನಿರ್ವಹಣಾ ವೆಚ್ಚಕ್ಕೆ ನಿಮ್ಮದೇ ಆದ ಮೂಲವೆಂದರೆ ಆಸ್ತಿ ತೆರಿಗೆಯ ಜೊತೆ ವಸೂಲು ಮಾಡುವ ಘನತ್ಯಾಜ್ಯ ಉಪಕರ. ವರ್ಷಕ್ಕೆ ಅದು ಎಷ್ಟು ಬರುತ್ತಿದೆ, ಅದರಲ್ಲಿ ಎಷ್ಟು ನಿಜವಾಗಿ ಕಸಕ್ಕೇ ಖರ್ಚಾಗುತ್ತಿದೆ ಎಂಬ ವಿವರವನ್ನು ಲಿಖಿತವಾಗಿ ಕೇಳಿ. ದೊಡ್ಡ ಪ್ರಮಾಣದ ಕಸ ಉತ್ಪಾದಕರಿಂದ ಪ್ರತ್ಯೇಕ ಶುಲ್ಕ ಪಡೆಯಲು ಉಪವಿಧಿ ಬೇಕು, ಅದನ್ನು ಪ್ರಸ್ತಾವನೆಯ ಜೊತೆಯಲ್ಲೇ ಅಂಗೀಕರಿಸಿದರೆ ನಿರ್ವಹಣಾ ವೆಚ್ಚದ ಪುಟಕ್ಕೆ ಆಧಾರ ಸಿಗುತ್ತದೆ. ಗೊಬ್ಬರದ ಮಾರಾಟಕ್ಕೆ ಟನ್ನಿಗೆ 1,500 ರೂಪಾಯಿಯ ಕೇಂದ್ರ ನೆರವು ಈ ವರ್ಷ ಹೊಸ ರೂಪದಲ್ಲಿ ಬಂದಿದೆ, ಅದು ಮುಖ್ಯವಾಗಿ ಸಗಣಿ, ಹಸಿ ಕಸಗಳಿಂದ ಅನಿಲ ಮತ್ತು ಗೊಬ್ಬರ ಮಾಡುವ ಕೇಂದ್ರದ ಗೋಬರ್‌ಧನ್ ಯೋಜನೆಯ ಅಡಿಯ ಘಟಕಗಳಿಗೆ. ನೀವು ಆ ವ್ಯಾಪ್ತಿಗೆ ಬರುತ್ತೀರಾ ಎಂದು ಪೌರಾಡಳಿತ ನಿರ್ದೇಶನಾಲಯವನ್ನೇ ಕೇಳುವುದು ಕ್ಷೇಮ.

ಕಳೆದ ವರ್ಷ ಅಕ್ಟೋಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ತ್ಯಾಜ್ಯ ನಿರ್ವಹಣೆಯ ಲೋಪಗಳಿಗಾಗಿ ಕರ್ನಾಟಕಕ್ಕೆ 2,900 ಕೋಟಿ ರೂಪಾಯಿ ಪರಿಸರ ಪರಿಹಾರ ವಿಧಿಸಿತು. ತೆರಿಗೆಯ ಮಾತಿಗೆ ಹಿಂಜರಿಯುವ ಸದಸ್ಯರ ಮುಂದೆ ಈ ಆದೇಶವನ್ನು ಇಡಿ.

ಉತ್ತರ: ಹೋಟೆಲ್ ಉದ್ಯಮಿ

ಊಟದ ವಿಷಯ. ಬಡಿಸದೆ ಪಾತ್ರೆಯಲ್ಲೇ ಉಳಿದ ಅನ್ನ ಬೇರೆ, ಎಲೆಯಲ್ಲಿ ಉಳಿದದ್ದು ಬೇರೆ. ಮೊದಲನೆಯದನ್ನು ಹಂಚಲು ಆಹಾರ ಸುರಕ್ಷತಾ ಪ್ರಾಧಿಕಾರ 2019ರಲ್ಲೇ ಪ್ರತ್ಯೇಕ ನಿಬಂಧನೆಗಳನ್ನು ಹೊರಡಿಸಿದೆ. ಹಂಚುವ ಸಂಸ್ಥೆ ನೋಂದಣಿಯಾಗಿರಬೇಕು, ಆಹಾರದ ಶುಚಿತ್ವ ಮತ್ತು ಉಷ್ಣತೆಯನ್ನು ಕಾಪಾಡಬೇಕು, ಲೆಕ್ಕ ಇಡಬೇಕು. ಇದಕ್ಕೆ ಬೇಕಾದದ್ದು ಒಂದು ವಾಹನ, ಮುಚ್ಚಳವಿರುವ ಸ್ಟೀಲ್ ಪಾತ್ರೆಗಳು, ರಾತ್ರಿ ಹತ್ತು ಗಂಟೆಗೂ ಕರೆ ತೆಗೆದುಕೊಳ್ಳುವ ಒಬ್ಬ ವ್ಯಕ್ತಿ. ಇಷ್ಟು ಸಣ್ಣ ಮೊತ್ತವನ್ನು ದೊಡ್ಡ ಪ್ರಸ್ತಾವನೆಯಲ್ಲಿ ಸೇರಿಸಿ ಮಂಜೂರಾತಿಗೆ ಕಾಯುವುದಕ್ಕಿಂತ ಸ್ಥಳೀಯ ದಾನಿಗಳಿಂದಲೇ ಆರಂಭಿಸಿ.

ನಗರಸಭೆಯ ಕೈಯಲ್ಲಿರುವ ಇನ್ನೊಂದು ಅಸ್ತ್ರ ಬಳಕೆಯಾಗುತ್ತಿಲ್ಲ. 2016ರ ನಿಯಮಗಳ ಪ್ರಕಾರ ಪರವಾನಗಿ ಇಲ್ಲದ ಸ್ಥಳದಲ್ಲಿ ನೂರಕ್ಕಿಂತ ಹೆಚ್ಚು ಜನರನ್ನು ಸೇರಿಸಿ ಕಾರ್ಯಕ್ರಮ ನಡೆಸುವವರು ಮೂರು ಕೆಲಸದ ದಿನ ಮೊದಲೇ ಸ್ಥಳೀಯ ಸಂಸ್ಥೆಗೆ ತಿಳಿಸಬೇಕು, ಕಸವನ್ನು ಬೇರ್ಪಡಿಸಿಯೇ ಕೊಡಬೇಕು. ಕಲ್ಯಾಣ ಮಂಟಪಗಳಿಂದಲೂ ತಿಂಗಳ ಕಾರ್ಯಕ್ರಮ ಪಟ್ಟಿಯನ್ನು ಪಡೆದರೆ ಯಾವ ದಿನ ಎಷ್ಟು ಹಸಿ ಕಸ ಬರುತ್ತದೆಂಬುದು ನಿಮಗೆ ಮೊದಲೇ ಗೊತ್ತಾಗುತ್ತದೆ. ಎಂಜಿನಿಯರ್ ಅವರು ಹೇಳಿದ ಏರಿಳಿತದ ತೊಂದರೆಗೂ ಇದರಿಂದ ಅರ್ಧ ಪರಿಹಾರ ಸಿಗುತ್ತದೆ.

ಪ್ರಶ್ನೆ ಕೇಳಿದವರು

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಕರಡನ್ನು ಮತ್ತೆ ತೆರೆದು ನೋಡಿದೆ. ನಿರ್ವಹಣಾ ವೆಚ್ಚಕ್ಕೆ ಅರ್ಧ ಪುಟವಿದೆ, ಅನಿಲ ಮತ್ತು ಗೊಬ್ಬರದ ಮಾರಾಟದಿಂದ ಮೂರನೆಯ ವರ್ಷಕ್ಕೆ ಲಾಭ ಬರುತ್ತದೆ ಎಂದು ತೋರಿಸಿದ್ದಾರೆ. ಪದರ ಪದರದ ಪ್ಲಾಸ್ಟಿಕ್ ಸಹ ಆದಾಯದ ಕಡೆಯೇ ಇದೆ.

ನಮ್ಮ ಸಮಿತಿಯ ಪರವಾಗಿ ನಾನು ಹೀಗೆ ಬರೆಯಲಿದ್ದೇನೆ: ಮೊದಲ ಕಂತಿನಲ್ಲಿ ಎರಡು ಖಾನೆಗಳ ಟಿಪ್ಪರ್‌ಗಳು, ಸೂರಿರುವ ಗೊಬ್ಬರದ ಅಂಗಳ, ಕೈಯಿಂದ ವಿಂಗಡಿಸುವ ಒಣ ಕಸ ಕೇಂದ್ರ, ಹಳೆಯ ರಾಶಿಯ ತೆರವು. ಮಾರುಕಟ್ಟೆಯ ಬಳಿಯ ಸಣ್ಣ ಅನಿಲ ಘಟಕವನ್ನು ಒಂದು ವರ್ಷದ ಸಂಗ್ರಹಣೆಯ ದಾಖಲೆ ನೋಡಿದ ನಂತರ ಮುಂದಿನ ಕಂತಿನಲ್ಲಿ ಕೇಳುವುದು. ಚಿಂದಿ ಆಯುವ ಕುಟುಂಬಗಳನ್ನು ಮೊದಲು ಭೇಟಿಯಾಗಿ, ಅವರ ಅಭಿಪ್ರಾಯವನ್ನೂ ಪತ್ರಕ್ಕೆ ಸೇರಿಸುತ್ತೇನೆ. ತೂಕಕ್ಕೆ ಎಪಿಎಂಸಿ ಪ್ರಾಂಗಣದ ತೂಕದ ಸೇತುವೆಯನ್ನು ಬಳಸಲು ಅನುಮತಿ ಕೇಳಿದ್ದೇನೆ. ಎಂಜಿನಿಯರ್ ಅವರೇ, ಈಗ ಮಳೆಗಾಲವಾದ್ದರಿಂದ ತೂಕದ ಲೆಕ್ಕ ತಪ್ಪಾಗುವುದಿಲ್ಲವೇ?

ಉತ್ತರ: ನಿವೃತ್ತ ಪರಿಸರ ಎಂಜಿನಿಯರ್

ಮಳೆಯಲ್ಲಿ ನೆನೆದ ಕಸ ಖಂಡಿತವಾಗಿ ಹೆಚ್ಚು ತೂಗುತ್ತದೆ. ಆದ್ದರಿಂದ ಈಗೊಮ್ಮೆ, ಮಳೆ ನಿಂತ ಮೇಲೆ ಇನ್ನೊಮ್ಮೆ ತೂಕ ಹಾಕಿಸಿ, ಎರಡನ್ನೂ ವರದಿಯಲ್ಲಿ ಪ್ರತ್ಯೇಕವಾಗಿ ತೋರಿಸಿ. ಖಾಲಿ ಟಿಪ್ಪರ್‌ನ ತೂಕವನ್ನು ಪ್ರತಿ ವಾಹನಕ್ಕೂ ಬೇರೆಯಾಗಿ ತೆಗೆದುಕೊಳ್ಳಿ, ಒಂದರ ತೂಕವನ್ನು ಎಲ್ಲಕ್ಕೂ ಅನ್ವಯಿಸಬೇಡಿ. ಪ್ರತಿ ದಿನ ಬೇರೆ ಬೇರೆ ವಾರ್ಡಿನ ಒಂದು ವಾಹನದ ಕಸವನ್ನು ಟಾರ್ಪಾಲಿನ ಮೇಲೆ ಸುರಿದು, ಚೆನ್ನಾಗಿ ಬೆರೆಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲುಗಳನ್ನು ಮಾತ್ರ ಇಟ್ಟುಕೊಳ್ಳಿ. ಸುಮಾರು 100 ಕಿಲೋ ಉಳಿಯುವವರೆಗೆ ಹೀಗೆಯೇ ಮಾಡಿ, ಅದನ್ನು ಹಸಿ, ಒಣ, ಬಟ್ಟೆ, ಗಾಜು, ಸ್ಯಾನಿಟರಿ ತ್ಯಾಜ್ಯ ಎಂದು ಬೇರ್ಪಡಿಸಿ ತೂಗಬೇಕು. ಹಿರಿಯ ಆರೋಗ್ಯ ನಿರೀಕ್ಷಕರ ಸಹಿ ದಿನಾಂಕದೊಡನೆ ಪ್ರತಿ ಹಾಳೆಯ ಮೇಲೂ ಇರಲಿ. ಸಹಿ ಇಲ್ಲದ ಅಂಕಿಅಂಶಗಳನ್ನು ರಾಜ್ಯ ಮಟ್ಟದ ಸಮಿತಿಯ ಮುಂದೆ ಇಟ್ಟರೆ ಸಲಹಾ ಸಂಸ್ಥೆಯ ಅಂದಾಜೇ ಉಳಿದುಕೊಳ್ಳುತ್ತದೆ.